ಎಂಟನೇ ಕ್ಲಾಸಿನ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಬರಿಸುವುದು ಹೇಗೆ

"ನಮಗೆ ಇಂಗ್ಲಿಷ್ ಬರಲ್ಲ ಮಿಸ್."

ಜೂನ್ ಮೊದಲ ವಾರ ಎಂಟನೇ ಕ್ಲಾಸಿಗೆ ಕಾಲಿಟ್ಟರೆ ಕಿವಿಗೆ ಬೀಳುವ ಮೊದಲ ಮಾತು ಇದೇ. 17 ವರ್ಷದಿಂದ ಕೇಳುತ್ತಿದ್ದೇನೆ. ನಾನು ಪಾಠ ಮಾಡುವುದು ಕೊಡಗಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಕನ್ನಡ ಮಾಧ್ಯಮ. ಸುತ್ತ ಕಾಫಿ ತೋಟ. 2007ರಿಂದ ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಅಂದರೆ ನನ್ನೆದುರು ಕೂತ ಹುಡುಗಿ ಏಳು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದು ಬಂದಿದ್ದಾಳೆ. ಆದರೂ ಬರಲ್ಲ ಅನ್ನುತ್ತಾಳೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಈ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಟೀಚರ್‌ಗಳು, "ಎಲ್ಲಿಂದ ಶುರು ಮಾಡೋದು ಮೇಡಂ?" ಅಂತ ಕೇಳಿದರು. ಅವರಿಗೆ ಹೇಳುತ್ತಿದ್ದಾಗ ಅರ್ಧಕ್ಕೇ ಬೆಲ್ ಹೊಡೆಯಿತು. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ನಾನು ಕೆಲಸಕ್ಕೆ ಸೇರಿದ ವರ್ಷ ಗಣಿತದ ಹಿರಿಯ ಮೇಷ್ಟ್ರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡಿದರು. ಪೀರಿಯಡ್ ಮುಗಿದ ಮೇಲೆ ಇಂಗ್ಲಿಷ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಚೀಟಿಯಲ್ಲಿ ಎರಡು ಸಂಖ್ಯೆ ಬರೆದು ಕೈಗಿಟ್ಟರು: "ನೀವು 36 ನಿಮಿಷ, ಅವರು 4." ಆ 4 ನಿಮಿಷವನ್ನು 31 ಮಕ್ಕಳಿಗೆ ಹಂಚಿದರೆ ತಲೆಗೆ ಎಂಟು ಸೆಕೆಂಡೂ ಬರುವುದಿಲ್ಲ. ಅದರಲ್ಲೂ ಅರ್ಧ ಬರೀ ‘ಯೆಸ್ ಮಿಸ್’. ಹಾಕಿ ಕಲಿಸುವವರು ತಾವೇ ಸ್ಟಿಕ್ ಹಿಡಿದು ಗ್ರೌಂಡ್ ತುಂಬ ಓಡಿ, ಹುಡುಗರನ್ನು ಗೆರೆಯ ಆಚೆ ಕೂರಿಸಿದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾ?

ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಮುಂದೆ ಹೇಳುವುದೆಲ್ಲ ಆ 4ನ್ನು 20 ಮಾಡುವ ದಾರಿ, ಅಷ್ಟೇ.

ಮೊದಲ ದಿನ ಪುಸ್ತಕ ತೆರೆಸಬೇಡಿ. "ನಿಮ್ಮ ಮನೆಯಲ್ಲಿ, ತೋಟದಲ್ಲಿ, ದಾರಿಯಲ್ಲಿ ಕೇಳುವ ಇಂಗ್ಲಿಷ್ ಪದ ಒಂದೊಂದು ಹೇಳಿ" ಅನ್ನಿ. ಮೊದಲು ಸುಮ್ನೆ ಮುಖ ನೋಡುತ್ತಾರೆ. ಆಮೇಲೆ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗನೊಬ್ಬ ಮೆಲ್ಲಗೆ ‘ಲೈನ್’ ಅನ್ನುತ್ತಾನೆ. ಅಲ್ಲಿಂದ ಕಟ್ಟೆ ಒಡೆದ ಹಾಗೆ. ರೈಟರ್, ಚೆಕ್‌ರೋಲ್, ಪಲ್ಪರ್, ಗೋಡೌನ್, ಸ್ಪ್ರಿಂಕ್ಲರ್, ರೋಬಸ್ಟಾ, ಜೀಪ್, ಹೋಮ್‌ಸ್ಟೇ, ಚೆಕ್‌ಪೋಸ್ಟ್, ರೀಚಾರ್ಜ್. ಹೋದ ವರ್ಷ ಕರಿಹಲಗೆಯ ಮೇಲೆ 83 ಪದ ಆದವು. ಬರಲ್ಲ ಅಂದವರ ಬಾಯಿಂದಲೇ ಬಂದವು.

ಆ ಪದಗಳಲ್ಲೇ ಮೊದಲ ಪಾಠ ಕೂತಿದೆ. ತೋಟದ ಲೆಕ್ಕ ಬರೆಯುವವರು ರೈಟರ್. ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ನು ಪಲ್ಪರ್. ನೀರು ಚಿಮ್ಮಿಸುವುದು ಸ್ಪ್ರಿಂಕ್ಲರ್. ಕೊನೆಯಲ್ಲಿ ಏನು ಕೇಳಿಸಿತು? ‘ಅರ್’. ಹಾಗಾದರೆ ಹಣ್ಣು ಕುಯ್ಯುವವರು? ಪಿಕ್ಕರ್! ಕಲಿಯುವವರು? ಲರ್ನರ್! ಅಡುಗೆ ಮಾಡುವವರು? ಕುಕ್ಕರ್! ಇಲ್ಲಿ ಕ್ಲಾಸೆಲ್ಲ ನಗಬೇಕು, ನಗಲಿ ಬಿಡಿ. ಬಿಸಿಯೂಟದ ಅಕ್ಕ ಕುಕ್, ಅವರ ಒಲೆಯ ಮೇಲೆ ಶಿಳ್ಳೆ ಹೊಡೆಯುವುದು ಕುಕ್ಕರ್. ಈ ತಪ್ಪನ್ನು ಒಂದು ಸಲ ನಕ್ಕು ಕಲಿತ ಮಗು ಮತ್ತೆ ಮರೆಯುವುದನ್ನು ನಾನಂತೂ ನೋಡಿಲ್ಲ.

ಅದೇ ವಾರ ಇನ್ನೊಂದು ಕೆಲಸ ಮಾಡಿ. ಪ್ರತಿ ಮಗುವಿನ ಮನೆಮಾತು ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಈಗಿನ ಕ್ಲಾಸಿನಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಬುಡಕಟ್ಟಿನವರ ಮಾತು ಎಲ್ಲ ಇವೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಇಬ್ಬರು ಮಕ್ಕಳೂ ಇದ್ದಾರೆ. ಕಾಗದದ ಮೇಲೆ ಇಂಗ್ಲಿಷ್ ದ್ವಿತೀಯ ಭಾಷೆ. ಈ ಮಕ್ಕಳ ಬದುಕಿನಲ್ಲಿ ಅದು ಮೂರನೆಯದೋ ನಾಲ್ಕನೆಯದೋ. ಇದನ್ನು ನಾನು ಕೊರತೆ ಅಂತ ಎಣಿಸುತ್ತಿದ್ದೆ. ಈಗ ಉಲ್ಟಾ ಹೇಳುತ್ತೇನೆ: "ನೀನು ಮನೆಯ ಹೊರಗೆ ಬಂದು ಕನ್ನಡ ಕಲಿತೆಯಲ್ಲ, ಯಾರು ಕಲಿಸಿದರು? ಹಾಗೇ ಇದೂ."

ಓದು ಬಾರದವರಿಗೆ

ಒಬ್ಬೊಬ್ಬರನ್ನೇ ಕರೆದು ಒಂದು ನಿಮಿಷ ಓದಿಸಿ. ನನ್ನ 31 ಮಕ್ಕಳಲ್ಲಿ 9 ಜನಕ್ಕೆ ಸಣ್ಣ ಅಕ್ಷರಗಳೇ ಪೂರ್ತಿ ಗೊತ್ತಿರಲಿಲ್ಲ. 14 ಜನ ಪದ ಪದವಾಗಿ ತಡವರಿಸಿ ಓದಿದರು. 8 ಜನ ವಾಕ್ಯ ಓದಿದರು. ಈ 9 ಜನಕ್ಕೆ ‘ಎ ಫಾರ್ ಆ್ಯಪಲ್’ ಹೇಳಿಸಲು ಹೋಗಬೇಡಿ. ಮೀಸೆ ಚಿಗುರುವ ವಯಸ್ಸು, ನಾಚಿಕೆಯಾಗುತ್ತದೆ. ಮಾರನೇ ದಿನ ಶಾಲೆಗೇ ಬರುವುದಿಲ್ಲ.

ಅವರ ತೊಡಕು ಎಲ್ಲಿದೆ ನೋಡಿ. ಕನ್ನಡದಲ್ಲಿ ಅಕ್ಷರದ ಹೆಸರೂ ಸದ್ದೂ ಒಂದೇ. ‘ಕ’ ಅಂತ ಬರೆದರೆ ‘ಕ’. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ‘ಸಿ’, ಸದ್ದು ಒಮ್ಮೆ ‘ಕ್’, ಒಮ್ಮೆ ‘ಸ್’. 26 ಅಕ್ಷರ, ಸುಮಾರು 44 ಸದ್ದು. ಹೆಸರು ಕಲಿಸಿ ಓದು ಅಂದರೆ ಎಲ್ಲಿಂದ ಓದುತ್ತಾರೆ? ಆದ್ದರಿಂದ ಹೆಸರು ಬಿಟ್ಟು ಸದ್ದು ಕಲಿಸಿ. ಮೊದಲು ಆರೇ ಅಕ್ಷರ: ಎಸ್, ಎ, ಟಿ, ಪಿ, ಐ, ಎನ್. ಇಷ್ಟರಲ್ಲೇ ಟಿನ್, ಪಿನ್, ಪ್ಯಾನ್, ಟ್ಯಾಪ್, ಸಿಪ್, ಪಿಟ್ ಎಲ್ಲ ಆಗುತ್ತವೆ. ಕಾಫಿ ಗಿಡ ನೆಡಲು ತೆಗೆಯುವ ಗುಂಡಿಯೇ ಪಿಟ್ ಅಂದಾಗ ಹಿಂದಿನ ಬೆಂಚಿನವನು ಕತ್ತೆತ್ತಿದ. ಅವನು ರಜೆಯಲ್ಲಿ ಅಪ್ಪನ ಜೊತೆ ಗುಂಡಿ ತೆಗೆದವನು. ದಿನಕ್ಕೆ 15 ನಿಮಿಷ, ಆರು ವಾರ. ಅಷ್ಟು ಹೊತ್ತು ಉಳಿದವರಿಗೆ ಏನಾದರೂ ಬರೆಯುವ ಕೆಲಸ ಕೊಡಿ.

ಗೈಡಿನಲ್ಲಿ ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆದಿರುತ್ತದಲ್ಲ, ಅದನ್ನು ಬಹಳ ಟೀಚರ್‌ಗಳು ಪಾಪ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಬರೆದುಕೊಳ್ಳಲಿ, ಆದರೆ ಪೆನ್ಸಿಲಿನಲ್ಲಿ. ನಾಲ್ಕು ವಾರ ಆದ ಮೇಲೆ ದಿನಕ್ಕೊಂದು ಸಾಲು ಅವರ ಕೈಯಿಂದಲೇ ಅಳಿಸಿಸುತ್ತೇನೆ.

ಉಚ್ಚಾರಕ್ಕೆ ಜಾಸ್ತಿ ಹೊತ್ತು ಕಳೆಯಬೇಡಿ. ನಮ್ಮ ಬಾಯಿಗೆ ಪದದ ಕೊನೆಗೊಂದು ಸ್ವರ ಬೇಕು, ಹಾಗಾಗಿ ಪೆನ್ನು, ಬಸ್ಸು, ಬುಕ್ಕು. ಮೊದಲಿಗೂ ‘ಯ’, ‘ವ’ ಸೇರಿಕೊಂಡು ಎಗ್ ಇದ್ದದ್ದು ಯೆಗ್ಗು, ಓಲ್ಡ್ ಇದ್ದದ್ದು ವೋಲ್ಡು. ಈ ಎರಡನ್ನು ತಿದ್ದಿದರೆ ಸಾಕು. ಕೊಡವ ತಕ್ಕಿನಲ್ಲಿ ಕನ್ನಡದಲ್ಲಿಲ್ಲದ ಎರಡು ನಡುಸ್ವರಗಳಿವೆ (ನಾಲಿಗೆಯ ನಡುವಿನಿಂದ ಹೊರಡುವ ಸ್ವರ). ಆ ಮಕ್ಕಳು ‘ಅಬೌಟ್’ ಪದದ ಮೊದಲ ಸ್ವರವನ್ನು ಉಳಿದವರಿಗಿಂತ ಬೇಗ ಹಿಡಿಯುತ್ತಾರೆ ಅಂತ ನನಗೆ ಅನಿಸುತ್ತದೆ.

ಮಳೆ ‘ಬರುವ’ ಊರಿನಲ್ಲಿ

ನಮ್ಮಲ್ಲಿ ವ್ಯಾಕರಣ ಕಲಿಸಲು ಮಳೆಗಿಂತ ಒಳ್ಳೆಯ ಪುಸ್ತಕ ಇಲ್ಲ. ಕಿಟಕಿಯಾಚೆ ತೋರಿಸಿ ಏನಾಗುತ್ತಿದೆ ಅಂತ ಕೇಳಿದರೆ ಇಡೀ ಕ್ಲಾಸು, ‘ರೈನ್ ಈಸ್ ಕಮಿಂಗ್’ ಅನ್ನುತ್ತದೆ. ಅವರ ತಪ್ಪಿಲ್ಲ. ಕನ್ನಡದಲ್ಲಿ ಮಳೆ ಬರುತ್ತದೆ, ಅತ್ತೆ ಮನೆಯಿಂದ ನೆಂಟರು ಬಂದ ಹಾಗೆ. ಇಂಗ್ಲಿಷಿನಲ್ಲಿ ಯಾರೂ ಬರುವುದಿಲ್ಲ. ‘ಇಟ್ ಈಸ್ ರೈನಿಂಗ್’. ಆ ‘ಇಟ್’ ಯಾರು ಅಂತ ಒಬ್ಬಳು ಕೇಳಿದಳು. ಯಾರೂ ಅಲ್ಲ, ಇಂಗ್ಲಿಷಿನವರಿಗೆ ಕುರ್ಚಿ ಖಾಲಿ ಬಿಡಲು ಆಗುವುದಿಲ್ಲ, ಅದಕ್ಕೆ ಒಂದು ಬೊಂಬೆ ಕೂರಿಸಿದ್ದಾರೆ ಅಂದೆ.

ಈ ಖಾಲಿ ಕುರ್ಚಿಯ ಮಾತು ತುಂಬ ಕಡೆ ಉಪಯೋಗಕ್ಕೆ ಬರುತ್ತದೆ. ನಾವು ‘ನಿನ್ನೆ ಬಂದೆ’ ಅನ್ನುತ್ತೇವೆ. ಬಂದದ್ದು ನಾನೇ ಅಂತ ‘ಬಂದೆ’ಯಲ್ಲೇ ಗೊತ್ತಾಗುತ್ತದೆ. ಅದಕ್ಕೇ ಮಕ್ಕಳು ‘ಯೆಸ್ಟರ್ಡೇ ಕೇಮ್’ ಅಂತ ಬರೆಯುತ್ತಾರೆ. ಇಂಗ್ಲಿಷಿನ ‘ಕೇಮ್’ಗೆ ಆ ಬಾಲ ಇಲ್ಲ. ಕುರ್ಚಿಯಲ್ಲಿ ‘ಐ’ ಕೂರಲೇಬೇಕು. ಹಾಗೇ ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’. ನಮ್ಮಲ್ಲಿ ಅಣ್ಣಂದಿರು, ಹಸಿವು, ಜ್ವರ ಎಲ್ಲ ‘ನನಗೆ’. ಮಕ್ಕಳು ‘ಟು ಮಿ ಟೂ ಬ್ರದರ್ಸ್ ಆರ್ ದೇರ್’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ‘ನನಗೆ’ ಮುಂದೆ ಬಂದು ‘ಐ’ ಆಗಿ ಕೂರುತ್ತದೆ: ‘ಐ ಹ್ಯಾವ್ ಟೂ ಬ್ರದರ್ಸ್’, ‘ಐ ಆ್ಯಮ್ ಹಂಗ್ರಿ’. ಕರಿಹಲಗೆಯ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಬರೆದು ಎರಡರ ನಡುವೆ ಬಾಣ ಹಾಕಿ. ಪ್ರಶ್ನೆಯನ್ನೂ ಹಾಗೇ ಮಾಡಿ. ನಾವು ‘ಬಂದನಾ?’ ಅಂತ ಬಾಲಕ್ಕೆ ‘ಆ’ ಸೇರಿಸುತ್ತೇವೆ, ಅವರು ತಲೆಗೆ ‘ಡಿಡ್’ ಕಟ್ಟುತ್ತಾರೆ. ಇಲ್ಲದಿದ್ದರೆ ‘ಹೀ ಕೇಮಾ?’ ಅಂತ ಕೇಳುವ ಮಕ್ಕಳು ಹತ್ತನೇ ಕ್ಲಾಸಿನವರೆಗೂ ಇರುತ್ತಾರೆ.

ಇಷ್ಟೆಲ್ಲ ಕನ್ನಡದಲ್ಲಿ ಹೇಳಬಹುದಾ ಅಂತ ಕೇಳುತ್ತೀರಿ. ನನ್ನ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಮೂರನೇ ವರ್ಷವೋ ಏನೋ, ಕ್ಲಾಸಿನಲ್ಲಿ ಕನ್ನಡ ಆಡಿದರೆ 1 ರೂಪಾಯಿ ದಂಡ ಅಂತ ಡಬ್ಬಿ ಇಟ್ಟೆ. ತಿಂಗಳ ಕೊನೆಗೆ ಡಬ್ಬಿಯಲ್ಲಿ 11 ರೂಪಾಯಿ ಇತ್ತು. ಅದರಲ್ಲಿ 7 ನನ್ನದೇ. ಕನ್ನಡ ನಿಂತಿತ್ತು, ಇಂಗ್ಲಿಷ್ ಶುರುವಾಗಿರಲಿಲ್ಲ. ಕ್ಲಾಸು ಮಾತೇ ಬಿಟ್ಟಿತ್ತು. ಈಗ ನನ್ನ ನಿಯಮ ಬೇರೆ. ಅರ್ಥ ಮಾಡಿಸಲು ಕನ್ನಡ, ಕೆಲಸ ಮಾಡಿಸಲು ಇಂಗ್ಲಿಷ್. ಬಾಗಿಲು ಹಾಕು, ಜೋಡಿಯಾಗಿ ಕೂರಿ, ಪುಟ 12 ತೆಗೆಯಿರಿ, ಇನ್ನೊಂದು ಸಲ ಹೇಳು ಅನ್ನುವುದೆಲ್ಲ ದಿನಾ ಇಂಗ್ಲಿಷಿನಲ್ಲೇ. ಎರಡು ವಾರದಲ್ಲಿ ಅವು ಅನುವಾದ ಬೇಡದ ಮಾತಾಗುತ್ತವೆ.

ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎನ್ನುವ ಅಮೆರಿಕದ ಸಂಶೋಧಕಿ ಇದನ್ನು ಅಳೆದು ನೋಡಿದ್ದರು. ಟೀಚರ್‌ಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಕಾಯುತ್ತಾರೆ, ಆಮೇಲೆ ತಾವೇ ಉತ್ತರ ಹೇಳುತ್ತಾರೆ ಇಲ್ಲವೇ ಬೇರೆಯವರನ್ನು ಕೇಳುತ್ತಾರೆ. ಅದನ್ನು ಮೂರು ಸೆಕೆಂಡ್ ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಮಾತಾಡುತ್ತಾರೆ. ಅದು ವಿಜ್ಞಾನದ ಪಾಠದಲ್ಲಿ ಕಂಡದ್ದು. ಎರವರ ಮಾತಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹಾದು ಬರುವ ಮಗುವಿಗೆ ನಾನು ಐದು ಕೊಡುತ್ತೇನೆ. ಸೀರೆಯ ಸೆರಗಿನ ಹಿಂದೆ ಬೆರಳು ಎಣಿಸುತ್ತೇನೆ. ಮೊದಮೊದಲು ಆ ಐದು ಸೆಕೆಂಡ್ ಐದು ನಿಮಿಷದ ಹಾಗೆ ಇರುತ್ತದೆ. ತಡೆದುಕೊಳ್ಳಿ.

ಶೀಟಿನ ಮೇಲೆ ಮಳೆ ಬಿದ್ದಾಗ

ಜುಲೈನಲ್ಲಿ ನಮ್ಮ ಕ್ಲಾಸಿನ ಶೀಟಿನ ಮೇಲೆ ಮಳೆ ಹೊಡೆದರೆ ನನ್ನ ಮಾತು ನನಗೇ ಕೇಳುವುದಿಲ್ಲ. ಡಿಸಿ ರಜೆ ಕೊಟ್ಟರೆ ಸರಿ. ಕೊಡದ ದಿನ? ಮೊದಲೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದೆ. ಈಗ ಅಂಥ ದಿನಕ್ಕೆ ಕಾಯುತ್ತೇನೆ.

ಇಬ್ಬರಿಗೆ ಒಂದು ಹಾಳೆ ಕೊಡಿ. ಮಾತಾಡುವಂತಿಲ್ಲ, ಆಡಿದರೂ ಕೇಳುವುದಿಲ್ಲ. ಒಬ್ಬಳು ಒಂದು ಸಾಲು ಬರೆದು ಹಾಳೆ ತಳ್ಳಬೇಕು, ಇನ್ನೊಬ್ಬಳು ಉತ್ತರ ಬರೆದು ವಾಪಸ್ ತಳ್ಳಬೇಕು. ಇಂಗ್ಲಿಷ್ ಪದ ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಬಹುದು. ರಬ್ಬರ್ ಬಳಸುವಂತಿಲ್ಲ. ಮೊದಲ ಸಾಲು ನಾನು ಕೊಡುತ್ತೇನೆ: ‘ವಾಟ್ ಡಿಡ್ ಯು ಈಟ್ ಟುಡೇ?’ ಒಬ್ಬಳು ‘ಐ ಈಟ್ ಕಡಂಬುಟ್ಟ್, ಯು?’ ಅಂತ ಬರೆದಳು. ಪಕ್ಕದವಳು ಊಟದ ಮಾತು ಬಿಟ್ಟು ‘ವೈ ಯು ಟೇಕ್ ಮೈ ಅಂಬ್ರೆಲಾ?’ ಅಂತ ಶುರು ಮಾಡಿದಳು. ಕೊಡೆಯ ಜಗಳ ಎರಡು ಪುಟ ಹೋಯಿತು, ನಡುವೆ ಮುರಿದ ಕಡ್ಡಿಯ ಚಿತ್ರ ಬೇರೆ. ಪರೀಕ್ಷೆಯಲ್ಲಿ ಐದು ಸಾಲು ಬರೆಯಲು ಒದ್ದಾಡುವ ಹುಡುಗಿಯರು ಅವರು. ಬೆಲ್ ಹೊಡೆದ ಮೇಲೆ ನಾನು ಆ ಹಾಳೆಗಳನ್ನು ತೆಗೆದುಕೊಂಡು, ಎಲ್ಲರೂ ಬರೆಯಲಾಗದೆ ಚಿತ್ರ ಬಿಡಿಸಿದ ಪದಗಳನ್ನು ಪಟ್ಟಿ ಮಾಡುತ್ತೇನೆ. ಮುಂದಿನ ವಾರದ ಪದಗಳು ಅವೇ.

ಪದಗಳ ವಿಷಯ ಬಂತಲ್ಲ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸಿದ್ದ ಮೈಕೇಲ್ ವೆಸ್ಟ್ 1953ರಲ್ಲಿ ಇಂಗ್ಲಿಷ್ ಕಲಿಯುವವರಿಗೆ ಬೇಕಾದ ಸುಮಾರು 2000 ಪದಗಳ ಪಟ್ಟಿ ಕೊಟ್ಟರು. ಸಾಮಾನ್ಯ ಬರಹದಲ್ಲಿ ನೂರಕ್ಕೆ 80ರಷ್ಟು ಪದಗಳು ಆ ಗುಂಪಿನಿಂದಲೇ ಬರುತ್ತವೆ. ದಿನಕ್ಕೆ 5 ಪದ, ವರ್ಷಕ್ಕೆ 150 ದಿನ ಅಂದುಕೊಂಡರೂ ಮೂರು ವರ್ಷದಲ್ಲಿ 2250. ಆಗದ ಕೆಲಸವೇನಲ್ಲ. ಆದರೆ ಕಲಿತ ಪದ ಮತ್ತೆ ಮತ್ತೆ ಎದುರಾಗಬೇಕು. ನಾನು ಹಳೇ ಕಾಫಿಪುಡಿ ಡಬ್ಬಿ ನಾಲ್ಕು ಇಟ್ಟಿದ್ದೇನೆ: ನಾಳೆ, ಮೂರು ದಿನ, ಒಂದು ವಾರ, ಒಂದು ತಿಂಗಳು. ಚೀಟಿಯ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ ಇಲ್ಲವೇ ಚಿತ್ರ. ನೋಡದೆ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ಮರೆತರೆ ಮೊದಲ ಡಬ್ಬಿಗೆ ವಾಪಸ್. ದಿನಕ್ಕೆ ಐದು ನಿಮಿಷ, ನಡೆಸುವವರು ಮಕ್ಕಳೇ. ಡಿಸೆಂಬರಿನಿಂದ ಕಾಫಿ ಕುಯ್ಲಿನ ಹೊತ್ತಿನಲ್ಲಿ ಹಾಜರಿ ಕಮ್ಮಿಯಾಗುತ್ತದೆ. ತಮ್ಮ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ನಿಂತವರು ವಾಪಸ್ ಬಂದಾಗ ಏನು ತಪ್ಪಿತು ಅಂತ ನನ್ನನ್ನು ಕೇಳಬೇಕಿಲ್ಲ. ಡಬ್ಬಿ ತೆರೆದರೆ ಸಾಕು.

ಬಸ್ ಸ್ಟ್ಯಾಂಡಿನ ಪಾಠ

ಎನ್.ಎಸ್. ಪ್ರಭು ಅವರ ಹೆಸರನ್ನು ಬಿ.ಎಡ್.ನಲ್ಲಿ ಓದಿರುತ್ತೀರಿ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಕಡೆಯ ಶಾಲೆಗಳಲ್ಲಿ ಅವರು ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠ ಬಿಟ್ಟು ಮಕ್ಕಳಿಗೆ ಟೈಂಟೇಬಲ್, ನಕ್ಷೆ ಕೊಟ್ಟು ಲೆಕ್ಕ ಬಿಡಿಸಿ ಅಂದರು. ಮನಸ್ಸು ಅರ್ಥದ ಕಡೆ ಇದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನುವುದು ಅವರ ವಾದ. ಇಡೀ ವರ್ಷ ಹಾಗೆ ಮಾಡಲು ನನಗೆ ಧೈರ್ಯ ಇಲ್ಲ, ವಾರಕ್ಕೊಂದು ದಿನ ಮಾಡುತ್ತೇನೆ.

ಮಕ್ಕಳು ಬಸ್ ಸ್ಟ್ಯಾಂಡಿನ ಬೋರ್ಡಿನಿಂದ ಬಸ್ಸಿನ ಹೊತ್ತು ಬರೆದುಕೊಂಡು ಬರುತ್ತಾರೆ. ನಾನು ಕೇಳುತ್ತೇನೆ: ಅಜ್ಜಿಗೆ ಮಡಿಕೇರಿಯಲ್ಲಿ 11 ಗಂಟೆಗೆ ಡಾಕ್ಟರನ್ನು ನೋಡಬೇಕು, ನಡೆಯುವುದು ನಿಧಾನ, ಯಾವ ಬಸ್ಸು ಹತ್ತಬೇಕು? ನಾಲ್ಕು ಜನ ಸೇರಿ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು, ಯಾಕೆ ಅಂತಲೂ ಹೇಳಬೇಕು. ಒಂದು ಗುಂಪು ಅಜ್ಜಿಯನ್ನು ಹಿಂದಿನ ದಿನವೇ ಚಿಕ್ಕಮ್ಮನ ಮನೆಗೆ ಕಳಿಸಿತು. ಬಸ್ ಲೇಟಾದರೆ ಏನು ಮಾಡುವುದು ಅಂತ. ನನಗೆ ಅದು ಹೊಳೆದಿರಲಿಲ್ಲ.

ಟೂರಿಸ್ಟ್ ಕಾರುಗಳೂ ಬಿಟ್ಟಿ ಪಾಠ. ಶನಿವಾರ, ಭಾನುವಾರ ಕಾರು ನಿಲ್ಲಿಸಿ ಅಬ್ಬಿ ಫಾಲ್ಸ್, ದುಬಾರೆ, ರಾಜಾಸೀಟ್ ಎಲ್ಲಿ ಅಂತ ಕೇಳುವವರಿಗೆ ಉತ್ತರ ಕೊಡುವುದು ನಮ್ಮ ಮಕ್ಕಳೇ. ‘ಗೋ ಸ್ಟ್ರೇಟ್’, ‘ಟರ್ನ್ ಲೆಫ್ಟ್ ಆ್ಯಟ್ ದ ಬ್ರಿಜ್’, ‘ಅಬೌಟ್ ಟೂ ಕಿಲೋಮೀಟರ್ಸ್’. ಇದರ ಜೊತೆ ‘ಸಾರಿ, ಐ ಡೋಂಟ್ ನೋ’ ಅನ್ನುವುದನ್ನೂ ಕಲಿಸಿ. ಗೊತ್ತಿಲ್ಲ ಅನ್ನಲು ನಾಚಿ ಕೈ ತೋರಿಸಿದ ಕಡೆಗೆ ಕಳಿಸಿಬಿಡುತ್ತಾರೆ, ಪಾಪ.

ಪರೀಕ್ಷೆಯ ಬಗ್ಗೆ ಚಿಕ್ಕದಾಗಿ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಗೆ ಬರೆಯುವುದು 80, ಒಳಗಿನ ಅಂಕ 20. ಮಾದರಿ ಪ್ರಶ್ನೆಪತ್ರಿಕೆ ಹತ್ತನೇ ಕ್ಲಾಸಿನ ಡಿಸೆಂಬರ್ ನಂತರ ಸಾಕು. ಎಂಟರಿಂದಲೇ ಪತ್ರಲೇಖನ ಬಾಯಿಪಾಠ ಮಾಡಿಸುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ, ನನ್ನ ಕ್ಲಾಸಿನಲ್ಲಿ ಮಾಡಿಸುವುದೂ ಇಲ್ಲ. ಹಾಗೇ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ತರಬೇತಿಗೆ ಹೋಗಲು ಆದೇಶ ಬಂದರೆ ಮನೆ ನೆಪ ಹೇಳಿ ತಪ್ಪಿಸಿಕೊಳ್ಳಬೇಡಿ. 1963ರಿಂದ ನಮ್ಮಂಥವರಿಗೆಂದೇ ಇರುವ ಜಾಗ ಅದು.

ಲೇಟ್ ಬುಕ್

ತಪ್ಪು ತಿದ್ದುವುದು ಹೇಗೆ ಅನ್ನುವುದನ್ನು ನನಗೆ ಕಲಿಸಿದ್ದು ಈ ನೋಟ್‌ಬುಕ್ಕು. ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ್ದೇನೆ. ತಡವಾಗಿ ಬಂದವರು ಯಾಕೆ ತಡ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು, ಓದಿ ಹೇಳಿ ಕೂರಬೇಕು. ಬೈಗುಳ ಇಲ್ಲ. ನಮ್ಮಲ್ಲಿ ತಡವಾಗುವುದಕ್ಕೆ ಕಾರಣ ಬಹಳ ಸಲ ಆನೆ. ಮುಂಜಾನೆ ತೋಟದ ದಾರಿಯಲ್ಲಿ ನಿಂತಿದ್ದರೆ ಮಕ್ಕಳು ಮನೆಯಲ್ಲೇ ಕಾಯಬೇಕು, ಕಾಯಲೇಬೇಕು. ಅದನ್ನು ನೆಪ ಅಂತ ಬೈದರೆ ನಾಳೆ ಬೈಗುಳಕ್ಕೆ ಹೆದರಿ ನಡೆದುಬಿಡುತ್ತಾರೆ.

ಮೊದಲು ನಾನು ಆ ಸಾಲುಗಳಿಗೆಲ್ಲ ಕೆಂಪು ಶಾಯಿ ಹಚ್ಚುತ್ತಿದ್ದೆ. ಎರಡೇ ವಾರದಲ್ಲಿ ಎಲ್ಲರೂ ‘ಬಸ್ ಲೇಟ್’ ಅಂತ ಎರಡೇ ಪದ ಬರೆಯಲು ಶುರು ಮಾಡಿದರು. ಎರಡು ಪದದಲ್ಲಿ ತಪ್ಪು ಮಾಡುವುದು ಕಷ್ಟ, ಅಲ್ವಾ? ಈಗ ವಾರಕ್ಕೆ ಒಂದೇ ತಪ್ಪು ತಿದ್ದುತ್ತೇನೆ. ಯಾವುದು ಅಂತ ಸೋಮವಾರ ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತೇನೆ. ಈ ವಾರ, ಆಗಿಹೋದದ್ದಕ್ಕೆ ‘ಈಸ್’ ಬದಲು ‘ವಾಸ್’. ಉಳಿದ ತಪ್ಪುಗಳು ಕಣ್ಣಿಗೆ ಕಂಡರೂ ಪೆನ್ನಿಗೆ ಕಾಣಬಾರದು. ಇದು ಹೇಳಿದಷ್ಟು ಸುಲಭ ಅಲ್ಲ, ಕೈ ತುರಿಸುತ್ತದೆ.

ಮೊನ್ನೆ ಗುರುವಾರ ಎರಡನೇ ಪೀರಿಯಡ್‌ಗೆ ಒಬ್ಬ ಓಡುತ್ತಾ ಬಂದ. ಜೂನ್‌ನಲ್ಲಿ ಟಿನ್, ಪಿನ್ ಓದಲು ಕೂತಿದ್ದ 9 ಜನರಲ್ಲಿ ಒಬ್ಬ. ತೋಟದ ಗೇಟಿನ ಹತ್ತಿರ ಆನೆ ಇತ್ತಂತೆ. ನೋಟ್‌ಬುಕ್ಕು ಇಳಿಸಿ, ತುಂಬ ಹೊತ್ತು ಯೋಚಿಸಿ ಬರೆದು, ಗಟ್ಟಿಯಾಗಿ ಓದಿದ: ‘ಎಲಿಫೆಂಟ್ ವಾಸ್ ಇನ್ ಗೇಟ್. ಐ ವಾಸ್ ಇನ್ ಹರಿ. ಎಲಿಫೆಂಟ್ ವಾಸ್ ನಾಟ್ ಇನ್ ಹರಿ.’

ಮೂರು ಸಾಲು, ಮೂರು ‘ವಾಸ್’. ರೈಟ್ ಹಾಕಿ ನೋಟ್‌ಬುಕ್ಕು ಮೊಳೆಗೆ ನೇತುಹಾಕಿದೆ. ‘ದ’ ಮತ್ತು ‘ಎ’ ಮುಂದಿನ ಸೋಮವಾರಕ್ಕೆ.